ಮನೆಯಂಗಳದ ವಿಜ್ಞಾನ: ನಿಂತ ಗೆರೆಗೆ ಎರಡು ಅರ್ಥ

ಗೋಡೆಗಡಿಯಾರದ ಮುಳ್ಳು ನಿಂತರೆ ಹೊತ್ತೇ ನಿಂತುಹೋಯಿತೆಂದು ಯಾರೂ ತಿಳಿಯುವುದಿಲ್ಲ. ಬ್ಯಾಟರಿ ಮುಗಿದಿದೆಯೆಂದು ಮಕ್ಕಳೂ ಹೇಳುತ್ತಾರೆ. ಆದರೆ ಯಂತ್ರವೊಂದು ಪರದೆಯ ಮೇಲೆ ಬರೆಯುತ್ತಿರುವ ಗೆರೆ ಏರದೆ ಇಳಿಯದೆ ಸಪಾಟಾಗಿ ಸಾಗತೊಡಗಿದರೆ ನಮ್ಮ ವಿವೇಕ ಅಷ್ಟು ಚುರುಕಾಗಿ ಕೆಲಸಮಾಡುವುದಿಲ್ಲ. ಅಳೆಯಲಾಗುತ್ತಿರುವ ವಸ್ತುವೇ ನಿಶ್ಚಲವಾಯಿತೆಂದು ಒಪ್ಪಿಬಿಡುತ್ತೇವೆ. ಅಳೆಯುವ ಸಾಧನವೋ, ಅದರ ಮಾತನ್ನು ಹೊತ್ತು ತರುವ ದೂತನೋ ಮೂಕವಾಗಿರಬಹುದೆಂಬ ಶಂಕೆ ಬಹಳ ತಡವಾಗಿ ಹುಟ್ಟುತ್ತದೆ. ಈ ತಿಂಗಳ ಪ್ರಶ್ನೆ ಅಂಥ ಒಂದು ಗೆರೆಯನ್ನು ಕುರಿತದ್ದು.

ಪ್ರಶ್ನೆ ಬಂದಿರುವುದು ಅಮೆರಿಕದ ಓರೆಗನ್ ರಾಜ್ಯದಿಂದ. ಕೇಳಿದವನು ನಮ್ಮ ಶಾಲೆಯಲ್ಲಿಯೇ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ. ಇಂದು ಅಲ್ಲಿ ಉದ್ಯೋಗಸ್ಥ, ಇಬ್ಬರು ಮಕ್ಕಳ ತಂದೆ. ಅವನ ತಾಯಿ ಈ ಪತ್ರಿಕೆಯ ಹಳೆಯ ಚಂದಾದಾರರು. ಅವನ ಬರಹದ ಮುಖ್ಯ ಭಾಗ ಇಷ್ಟು:

“ಮಾಷ್ಟ್ರೇ, ಇಲ್ಲಿ ಬಿಯರನ್ನು ಮನೆಯಲ್ಲೇ ತಯಾರಿಸುವುದು ಅನೇಕರ ಹವ್ಯಾಸ. ನೀವು ಬೈಯುವಿರೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಪಾತ್ರೆಯೊಳಗೆ ತೇಲುತ್ತ ಸಾಂದ್ರತೆಯನ್ನು ಅಳೆಯುವ ಒಂದು ಸಾಧನವನ್ನು ಕೊಂಡಿದ್ದೇನೆ. ಅದರ ಸುದ್ದಿಯನ್ನು ಹಿಡಿದು ಅಂತರ್ಜಾಲಕ್ಕೆ ದಾಟಿಸುವ ನಿಸ್ತಂತು ಸೇತುವೆಯನ್ನು ನಾನೇ ಜೋಡಿಸಿದೆ. ಐದು ದಿನ ಚೆನ್ನಾಗಿ ನಡೆಯಿತು, ಸಾಂದ್ರತೆ 1.052ರಿಂದ 1.024ಕ್ಕೆ ಇಳಿಯಿತು. ಈಗ ಎರಡು ದಿನಗಳಿಂದ 1.024ರಲ್ಲಿಯೇ ನಿಂತಿದೆ. ಹುದುಗುವುದು ಮುಗಿಯಿತೆಂದು ಬಾಟಲಿಗೆ ತುಂಬಿಸಲೇ? ಯೀಸ್ಟ್ ಸೋತು ಮಲಗಿತೇ? ಅಥವಾ ನನ್ನ ಯಂತ್ರವೇ ಕೆಟ್ಟಿತೇ? ಎಲ್ಲಿಂದ ಹುಡುಕಲಿ?”

ಮಾಸಪತ್ರಿಕೆಯ ಉತ್ತರಕ್ಕಾಗಿ ಯೀಸ್ಟ್ ಕಾಯುವುದಿಲ್ಲ. ಆದುದರಿಂದ “ಬಾಟಲಿಯನ್ನು ಮುಟ್ಟಬೇಡ” ಎಂಬ ಒಂದು ಮಾತನ್ನು ಅಂದೇ ತಿಳಿಸಿದೆ. ಉಳಿದ ಮಾತುಕತೆ ಮೂರು ದಿನ ನಡೆಯಿತು. ದೋಷ ಹುಡುಕುವ ಆ ಕ್ರಮ ಬಿಯರಿನ ಗಂಧವೇ ತಿಳಿಯದ ನಮ್ಮ ಓದುಗರಿಗೂ ಪಂಪಿನಲ್ಲಿ, ಇನ್ವರ್ಟರಿನಲ್ಲಿ, ಮನೆಯ ವೈಫೈಯಲ್ಲಿ ಉಪಯೋಗಕ್ಕೆ ಬರುವಂಥದ್ದಾದ್ದರಿಂದ ಇಲ್ಲಿ ವಿಸ್ತರಿಸುತ್ತಿದ್ದೇನೆ.

ಬೈಯುವ ವಿಚಾರವನ್ನು ಮೊದಲು ಮುಗಿಸೋಣ. ಕೇರಳದಲ್ಲಾಗಲಿ ಕರ್ನಾಟಕದಲ್ಲಾಗಲಿ ಪರವಾನಿಗೆಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ಈ ಅಂಕಣವನ್ನು ಓದಿ ಯಾರೂ ಹಂಡೆ ತೊಳೆಯುವ ಅಗತ್ಯವಿಲ್ಲ. ಅಮೆರಿಕದ ಸ್ಥಿತಿ ಬೇರೆ. ಅಲ್ಲಿ 1920ರಿಂದ 1933ರವರೆಗೆ ದೇಶಾದ್ಯಂತ ಪಾನನಿರೋಧವಿತ್ತು. ಅದು ರದ್ದಾದ ಮೇಲೂ ಮನೆಯ ಬಿಯರಿಗೆ ಕೇಂದ್ರ ಕಾನೂನಿನ ಒಪ್ಪಿಗೆ ದೊರೆಯಲು ನಾಲ್ಕೂವರೆ ದಶಕ ಹಿಡಿಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾನೂನು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಒಬ್ಬನೇ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ಸ್ವಂತಕ್ಕೆ ಮಾತ್ರ, ಮಾರಕೂಡದು. ರಾಜ್ಯಗಳು ತಮ್ಮ ತಮ್ಮ ಕಾನೂನನ್ನು ಸಡಿಲಿಸುತ್ತ ಬಂದವು; ಮಿಸಿಸಿಪಿ ಮತ್ತು ಅಲಬಾಮಾ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ನನ್ನ ಶಿಷ್ಯ ತನ್ನ ನೆಲದ ಕಾನೂನಿನೊಳಗೇ ಇದ್ದಾನೆ. ಉಳಿದದ್ದನ್ನು ಅವನ ತಾಯಿ ನೋಡಿಕೊಳ್ಳುತ್ತಾರೆ.

ಇನ್ನು ಸಾಂದ್ರತೆಯ ಮಾತು. ಹಾಲಿನ ಸಂಘದಲ್ಲಿ ಲ್ಯಾಕ್ಟೋಮೀಟರನ್ನು ನೋಡದವರು ನಮ್ಮಲ್ಲಿ ಕಡಿಮೆ. ಗಾಜಿನ ಬುಂಡೆಗೆ ಉದ್ದನೆಯ ಕತ್ತು. ಹಾಲು ದಪ್ಪಗಿದ್ದರೆ ಅದು ಮೇಲಕ್ಕೆ ತೇಲುತ್ತದೆ, ನೀರು ಬೆರೆತಿದ್ದರೆ ತಗ್ಗುತ್ತದೆ. ಸಕ್ಕರೆ ನೀರಿಗೂ ಇದೇ ನ್ಯಾಯ. ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ ಎಂಬವನು ಬಿಯರ್ ತಯಾರಕರಿಗೆಂದೇ ಇಂಥ ತೇಲುಮಾಪಕದ ಬಳಕೆಯನ್ನು ವಿವರಿಸಿ 1784ರಲ್ಲಿ ಪುಸ್ತಕ ಬರೆದನು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸ ನೀರಿಗಿಂತ ದಪ್ಪ. ನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡರೆ ಇದರದ್ದು 1.052 ಇರಬಹುದು. ಯೀಸ್ಟ್ ಬಿದ್ದ ಮೇಲೆ ಸಕ್ಕರೆ ಕರಗುತ್ತ ಹೋಗಿ ಆಲ್ಕೊಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆಲ್ಕೊಹಾಲ್ ನೀರಿಗಿಂತಲೂ ಹಗುರ. ಆದುದರಿಂದ ಸಾಂದ್ರತೆ ದಿನೇ ದಿನೇ ಇಳಿಯುತ್ತದೆ. ಬೆಳಗ್ಗೆ ಇಳಿಸಿದ ಸಿಹಿ ಶೇಂದಿ ಸಂಜೆಗೆ ಹುಳಿಯಾಗಿ ನೊರೆಯೇಳುವುದನ್ನು, ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗ್ಗೆ ಪಾತ್ರೆಯ ಅಂಚು ಮೀರುವುದನ್ನು ಕಂಡವರಿಗೆ ಇದರ ಗುಣ ಗೊತ್ತು; ಸೂಕ್ಷ್ಮಜೀವಿಗಳು ಬೇರೆ ಬೇರೆ, ಗುಳ್ಳೆಯೇಳಿಸುವ ಅನಿಲ ಒಂದೇ.

1.052ರಲ್ಲಿ ಹೊರಟ ಸಾಧಾರಣ ಬಿಯರ್ 1.012ರ ಆಸುಪಾಸಿನಲ್ಲಿ ನಿಲ್ಲಬೇಕು. ಅಲ್ಲಿಗೆ ಮುಟ್ಟದೆ 1.024ರಲ್ಲಿ ನಿಂತಿತೆಂದರೆ ಎರಡರಲ್ಲೊಂದು: ಯೀಸ್ಟ್ ನಿಜವಾಗಿಯೂ ಕೆಲಸ ನಿಲ್ಲಿಸಿದೆ, ಅಥವಾ ಸುದ್ದಿ ಬರುವುದು ನಿಂತಿದೆ. ಎರಡೂ ಆಗಬಹುದಾದವೇ. ಚಳಿಗೆ ಯೀಸ್ಟ್ ತಳಕ್ಕಿಳಿದು ಅರ್ಧದಲ್ಲಿ ಮಲಗುವುದು ಅಪರೂಪವಲ್ಲ.

ಎರಡರ ನಡುವಣ ಭೇದ ಏಕೆ ಮುಖ್ಯವೆಂದರೆ ಬಾಟಲಿಯ ಕಾರಣದಿಂದ. ಒಂದು ಲೀಟರ್ ದ್ರವದಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರ್ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ತೆರೆದ ಪಾತ್ರೆಯಲ್ಲಿ ಅದು ಗಾಳಿಗೆ ಹೋಗುತ್ತದೆ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಹೋಗಲು ದಾರಿಯಿಲ್ಲ. ಬಿಯರಿನಲ್ಲಿ ಸಾಮಾನ್ಯವಾಗಿ ಅದರ ಗಾತ್ರದ ಎರಡೂವರೆ ಪಟ್ಟು ಅನಿಲ ಕರಗಿರುತ್ತದೆ. 1.024ರಲ್ಲಿ ಬಾಟಲಿಗೆ ತುಂಬಿಸಿದ್ದು ಒಳಗೇ 1.012ಕ್ಕೆ ಇಳಿಯಿತೆಂದರೆ ಇದರ ಮೇಲೆ ಇನ್ನೂ ಆರು ಪಟ್ಟಿನಷ್ಟು ಅನಿಲ ಸೇರುತ್ತದೆ. ಅದು ದಪ್ಪ ಗಾಜಿನ ಶಾಂಪೇನ್ ಬಾಟಲಿಗಳೊಳಗೆ ಸಾಮಾನ್ಯವಾಗಿ ಇರುವ ಒತ್ತಡಕ್ಕೂ ಮಿಗಿಲು. ತೆಳುವಾದ ಬಿಯರ್ ಬಾಟಲಿ ಒಂದು ದಿನ ಸಿಡಿಯುತ್ತದೆ, ಚೂರುಗಳು ಕೋಣೆಯ ತುಂಬ ಹಾರುತ್ತವೆ. ಇಬ್ಬರು ಸಣ್ಣ ಮಕ್ಕಳು ಓಡಾಡುವ ಮನೆಯಲ್ಲಿ ನಾನು ಮೊದಲು ಯೋಚಿಸಿದ್ದು ಇದನ್ನು.

ಈಗ ಅವನ ಏರ್ಪಾಟನ್ನು ನೋಡೋಣ. ತೇಲುವ ಸಾಧನದ ಹೆಸರು ಟಿಲ್ಟ್. ಹೆಬ್ಬೆರಳಿಗಿಂತ ತುಸು ದಪ್ಪನೆಯ ಕೊಳವೆ. ಒಳಗೆ ಬ್ಯಾಟರಿ, ವಾಲಿಕೆಯನ್ನು ಅಳೆಯುವ ಬಿಲ್ಲೆ, ಉಷ್ಣತೆಯ ಸಂವೇದಕ. ದ್ರವ ದಪ್ಪಗಿದ್ದಾಗ ಹೆಚ್ಚು ವಾಲುತ್ತದೆ, ತೆಳುವಾದಂತೆ ನೆಟ್ಟಗಾಗುತ್ತದೆ. ವಾಲಿಕೆಯ ಕೋನದಿಂದ ಸಾಂದ್ರತೆಯನ್ನು ಲೆಕ್ಕಹಾಕಿ ಬ್ಲೂಟೂತ್ ಅಲೆಯ ಮೂಲಕ ಸಾರುತ್ತದೆ. ‘ಸಾರುತ್ತದೆ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದು ಹಿಂದಿನ ಕಾಲದ ಡಂಗುರದವನಂತೆ: ಬೀದಿಯಲ್ಲಿ ನಿಂತು ಕೂಗುತ್ತಾನೆ, ಯಾರು ಕೇಳಿದರು, ಯಾರು ಕೇಳಲಿಲ್ಲವೆಂದು ತಿರುಗಿ ನೋಡುವುದಿಲ್ಲ. ಅದು ಕೂಗುವುದು ಮೂರೇ ಸಂಗತಿ: ತನ್ನ ಬಣ್ಣದ ಗುರುತು, ಉಷ್ಣತೆ, ಸಾವಿರದಿಂದ ಗುಣಿಸಿದ ಸಾಂದ್ರತೆ. ಎಂಟು ಬಣ್ಣಗಳಲ್ಲಿ ದೊರೆಯುವುದರಿಂದ ಎಂಟು ಪಾತ್ರೆಗಳಿದ್ದರೂ ಗೊಂದಲವಿಲ್ಲ. ಉಷ್ಣತೆಯನ್ನು ಫ್ಯಾರನ್‌ಹೀಟಿನಲ್ಲಿ ಪೂರ್ಣಾಂಕವಾಗಿ ಹೇಳುತ್ತದೆ. 68 ಎಂದರೆ ನಮ್ಮ 20 ಡಿಗ್ರಿ ಸೆಲ್ಸಿಯಸ್.

ಬ್ಲೂಟೂತಿನ ದನಿ ದೂರ ಹೋಗುವುದಿಲ್ಲ. ಆದುದರಿಂದ ಹತ್ತಿರದಲ್ಲಿ ಕಿವಿಗೊಟ್ಟು ಕುಳಿತು, ಕೇಳಿದ್ದನ್ನು ಮನೆಯ ವೈಫೈ ಮೂಲಕ ಅಂತರ್ಜಾಲದ ದಾಖಲೆಗೆ ದಾಟಿಸುವ ಒಬ್ಬ ಮಧ್ಯಸ್ಥ ಬೇಕು. ಅದೇ ಸೇತುವೆ. ಷಾಂಘೈಯ ಎಸ್ಪ್ರೆಸ್ಸಿಫ್ ಕಂಪೆನಿ 2016ರಲ್ಲಿ ಹೊರತಂದ ಇಎಸ್‌ಪಿ 32 ಎಂಬ ಬಿಲ್ಲೆಯಲ್ಲಿ ಬ್ಲೂಟೂತೂ ವೈಫೈಯೂ ಒಟ್ಟಿಗೆ ಇರುವುದರಿಂದ ಹವ್ಯಾಸಿಗಳಿಗೆ ಇದು ವರವಾಯಿತು. ಆದರೆ ಎರಡಕ್ಕೂ ಇರುವುದು ಒಂದೇ ರೇಡಿಯೋ, ಒಂದೇ ಆಂಟೆನಾ. ಕೇಳುವ ಕೆಲಸವನ್ನೂ ಹೇಳುವ ಕೆಲಸವನ್ನೂ ಸರದಿಯಲ್ಲಿ ಮಾಡಬೇಕು. ವೈಫೈ ದುರ್ಬಲವಾಗಿ ಮತ್ತೆ ಮತ್ತೆ ಸಂಪರ್ಕ ಕಡಿಯುವ ಮನೆಯಲ್ಲಿ ಸೇತುವೆ ಹೇಳುವ ಪ್ರಯತ್ನದಲ್ಲೇ ಹೊತ್ತು ಕಳೆದು ಕೇಳುವುದನ್ನು ಮರೆಯುತ್ತದೆ. ಇಂಥವರು ಮನುಷ್ಯರಲ್ಲಿಯೂ ಇದ್ದಾರೆ.

ಹೀಗೆ ಸರಪಣಿಗೆ ಐದು ಕೊಂಡಿಗಳಾದವು: ತೇಲುಕೊಳವೆ, ನಡುವಿನ ಗಾಳಿ, ಸೇತುವೆ, ಮನೆಯ ವೈಫೈ, ದೂರದ ದಾಖಲೆ.

ಯಾವ ಕೊಂಡಿಯನ್ನೂ ಬಿಚ್ಚುವ ಮೊದಲು ಗೆರೆಯನ್ನೇ ಹತ್ತಿರದಿಂದ ನೋಡೆಂದು ಹೇಳಿದೆ. ಅವನು ಅಂಕಿಗಳನ್ನು ಕಳುಹಿಸಿದ. ಹದಿನೈದು ನಿಮಿಷಕ್ಕೊಂದರಂತೆ ಎರಡು ದಿನಕ್ಕೆ 192 ಅಂಕಿಗಳು, ಎಲ್ಲವೂ 1.024, ಎಲ್ಲವೂ 66 ಡಿಗ್ರಿ. ಇಲ್ಲಿಯೇ ಅರ್ಧ ಉತ್ತರ ದೊರೆಯಿತು. ಜೀವವಿರುವ ಅಳತೆ ನಡುಗುತ್ತದೆ. ಗುಳ್ಳೆಯೊಂದು ಕೊಳವೆಗೆ ಅಂಟಿದರೆ ಸಾಂದ್ರತೆ ಒಂದು ಅಂಶ ಏರುತ್ತದೆ, ಅದು ಬಿಟ್ಟರೆ ಇಳಿಯುತ್ತದೆ. ಪಾತ್ರೆಯನ್ನು ಇಟ್ಟಿರುವ ಹಳೆಯ ಫ್ರಿಜ್ ಆಗಾಗ ಓಡಿ ನಿಲ್ಲುವುದರಿಂದ ಉಷ್ಣತೆಯೂ ಒಂದೆರಡು ಡಿಗ್ರಿ ಅತ್ತಿತ್ತ ಆಗುತ್ತದೆ. ಮೊದಲ ಐದು ದಿನಗಳ ಅಂಕಿಗಳಲ್ಲಿ 65, 66, 67 ಮೂರೂ ಬಂದಿದ್ದವು. ಯೀಸ್ಟ್ ಮಲಗಿದ್ದರೆ ಸಾಂದ್ರತೆ ನಿಲ್ಲಬಹುದು. ಫ್ರಿಜ್ಜಿನ ಉಷ್ಣತೆ ಏಕೆ ನಿಲ್ಲಬೇಕು? ಎರಡೂ ಒಂದೇ ಗಳಿಗೆಯಲ್ಲಿ ಕಲ್ಲಾದವೆಂದರೆ ಅದು ಅಳತೆಯಲ್ಲ, ಅಳತೆಯ ಪ್ರತಿಧ್ವನಿ.

ಇನ್ನರ್ಧ ಉತ್ತರಕ್ಕೆ ಸರಪಣಿಯನ್ನು ಪರೀಕ್ಷಿಸಬೇಕಾಯಿತು. ಇಲ್ಲಿ ಹೆಚ್ಚಿನವರು ಒಂದು ತುದಿಯಿಂದ ಆರಂಭಿಸುತ್ತಾರೆ, ಇಲ್ಲವೇ ಎಲ್ಲವನ್ನೂ ಆರಿಸಿ ಮತ್ತೆ ಹೊತ್ತಿಸುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು. ಕೆಲವೊಮ್ಮೆ ಯಂತ್ರ ಸರಿಹೋಗುತ್ತದೆ, ಕಾರಣ ಮಾತ್ರ ತಿಳಿಯದೆ ಉಳಿಯುತ್ತದೆ, ಮುಂದಿನ ವಾರ ಮತ್ತೆ ಕೆಡುತ್ತದೆ. ಮಳೆಗಾಲದಲ್ಲಿ ನಮ್ಮ ಊರಿನ ಲೈನ್‌ಮ್ಯಾನ್ ಹೇಗೆ ಹುಡುಕುತ್ತಾನೆಂಬುದನ್ನು ನೋಡಿದ್ದೀರಾ? ಕಂಬದಿಂದ ಕಂಬಕ್ಕೆ ಹತ್ತುತ್ತ ಹೋಗುವುದಿಲ್ಲ. ಲೈನಿನ ನಡುವಣ ಸ್ವಿಚ್ಚನ್ನು ತೆರೆದು ಮೊದಲರ್ಧಕ್ಕೆ ವಿದ್ಯುತ್ ಬಿಟ್ಟು ನೋಡುತ್ತಾನೆ. ಅದು ನಿಂತರೆ ದೋಷ ಆಚೆಯ ಅರ್ಧದಲ್ಲಿ, ನಿಲ್ಲದಿದ್ದರೆ ಈಚೆಯಲ್ಲಿ. ಆಮೇಲೆ ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾನೆ. ಎಂಟು ಭಾಗಗಳಿದ್ದರೆ ಮೂರೇ ಪರೀಕ್ಷೆ, ಹದಿನಾರಿದ್ದರೆ ನಾಲ್ಕೇ. ಗಣಿತದ ಪಾಠದಲ್ಲಿ ಎರಡರ ಘಾತಗಳನ್ನು ಕಲಿಸುವಾಗ ನಾನು ಕೊಡುವ ಉದಾಹರಣೆ ಇದೇ.

ಐದು ಕೊಂಡಿಗಳ ನಡುವಿನದ್ದು ಸೇತುವೆ. ಅದನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಸೇರಿಸಿದರೆ ತಾನು ಏನು ಮಾಡುತ್ತಿದ್ದೇನೆಂದು ಸಾಲುಸಾಲಾಗಿ ಹೇಳುತ್ತದೆ. (ಕೇವಲ ಚಾರ್ಜಿಗೆಂದು ಮಾಡಿದ ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ, ಅಂಥ ತಂತಿಯನ್ನು ಸಿಕ್ಕಿಸಿ ಯಂತ್ರ ಸತ್ತಿದೆಯೆಂದು ಶೋಕಿಸಿದವರು ಹಲವರು.) ಸೇತುವೆ ವೈಫೈಗೆ ಸೇರಿತ್ತು, ದಾಖಲೆಗೆ ಅಂಕಿ ಕಳುಹಿಸುತ್ತಿತ್ತು, ಅತ್ತಕಡೆಯಿಂದ ಸ್ವೀಕೃತಿಯೂ ಬರುತ್ತಿತ್ತು. ಹಾಗಾದರೆ ಕೆಳಗಿನ ಕೊಂಡಿಗಳು ನಿರ್ದೋಷಿಗಳು. ಆದರೆ ಟಿಲ್ಟಿನಿಂದ ಕೊನೆಯ ಕೂಗು ಯಾವಾಗ ಕೇಳಿತೆಂಬುದನ್ನು ಅವನ ಕ್ರಮವಿಧಿ ಬರೆದಿಡುತ್ತಿರಲಿಲ್ಲ. ಒಂದು ಸಾಲು ಸೇರಿಸಿ ಅರ್ಧ ಗಂಟೆ ಕಾದ. ಒಂದು ಕೂಗೂ ಕೇಳಿಸಲಿಲ್ಲ.

ಉಳಿದವು ಎರಡು: ತೇಲುಕೊಳವೆ ಮತ್ತು ಗಾಳಿ. ಡಂಗುರದ ಒಂದು ಗುಣವೆಂದರೆ ಯಾರು ಬೇಕಾದರೂ ಕೇಳಬಹುದು. ಸೇತುವೆಯನ್ನು ತೆಗೆಯದೆಯೇ ಕೈಫೋನಿನಲ್ಲಿ ಟಿಲ್ಟಿನ ಆ್ಯಪ್ ತೆರೆದು ಫ್ರಿಜ್ಜಿನ ಬಾಗಿಲು ತೆಗೆದು ಹಿಡಿದರೆ ಸಾಕು. ಫೋನು ಕೂಡಲೇ ಕೇಳಿತು: 1.015, 65 ಡಿಗ್ರಿ. ಯೀಸ್ಟ್ ಮಲಗಿರಲಿಲ್ಲ, ಎರಡು ದಿನವೂ ದುಡಿಯುತ್ತಲೇ ಇತ್ತು. ಕೊಳವೆಯೂ ಕೂಗುತ್ತಲೇ ಇತ್ತು.

ಐದನೆಯ ದಿನ ಏನನ್ನು ಬದಲಿಸಿದೆಯೆಂದು ಕೇಳಿದೆ. ಏನೂ ಇಲ್ಲವೆಂದ. ಎಲ್ಲರೂ ಮೊದಲು ಹೀಗೆಯೇ ಹೇಳುತ್ತಾರೆ. ಮತ್ತೆ ಯೋಚಿಸಿ, ಮಕ್ಕಳ ಕೈಗೆ ಸಿಗದಿರಲೆಂದು ಬಾಗಿಲಿನ ಪಕ್ಕದ ಮಾಡದಿಂದ ತೆಗೆದು ಫ್ರಿಜ್ಜಿನ ಹಿಂಬದಿಗೆ ಸೇತುವೆಯನ್ನು ಅಂಟಿಸಿದ್ದನ್ನು ನೆನಪಿಸಿಕೊಂಡ. ಬ್ಲೂಟೂತಿನ ಆವರ್ತನ 2.4 ಗಿಗಾಹರ್ಟ್ಸ್, ಅಲೆಯ ಉದ್ದ ಒಂದು ಗೇಣಿಗಿಂತ ಕಡಿಮೆ, ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಲೋಹದ ತಗಡು ಅದನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಇವನ ಕೊಳವೆ ಬಿಯರಿನಲ್ಲಿ ಅರೆಮುಳುಗಿದೆ, ಬಿಯರ್ ಉಕ್ಕಿನ ಪಾತ್ರೆಯಲ್ಲಿದೆ, ಪಾತ್ರೆ ಫ್ರಿಜ್ಜಿನ ತಗಡಿನ ಒಳಗಿದೆ. ಇಷ್ಟರಿಂದ ಹೊರಬೀಳುವ ಸಣ್ಣ ದನಿ ಮುಖ್ಯವಾಗಿ ಬಾಗಿಲಿನ ರಬ್ಬರ್ ಪಟ್ಟಿಯ ಸಂದಿನಿಂದ ನುಸುಳುತ್ತದೆ. ಆ ಸಂದಿನ ಎದುರಿಗಿದ್ದ ಕಿವಿಯನ್ನು ಬೆನ್ನಹಿಂದಕ್ಕೆ ಒಯ್ದರೆ ಕೇಳುವುದೆಂತು? ಸೇತುವೆಯನ್ನು ಬಾಗಿಲಿನ ಮೇಲ್ಭಾಗದಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ನಿಲ್ಲಿಸಿದ; ಅಲೆಯ ಬಲ ಋಣ 79 ಎಂದು ತೋರಿತು. ಈ ಅಂಕಿಯ ಮಾನ ಡೆಸಿಬಲ್. ಅದು ಹತ್ತು ಇಳಿದರೆ ಬಲ ಹತ್ತನೆಯ ಒಂದು ಪಾಲಾಗುತ್ತದೆ. ಋಣ 70ರ ಸುತ್ತ ಇದ್ದರೆ ಚೆನ್ನ, ಋಣ 90 ದಾಟಿದರೆ ನಂಬುವಂತಿಲ್ಲ.

ಗಾಳಿಯ ಕೊಂಡಿ ಸರಿಯಾಯಿತು. ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ದೋಷ ಅದಲ್ಲ. ಕೂಗು ಕೇಳದೆ ಹೋದರೆ ಸೇತುವೆ ಸುಮ್ಮನಿರಬೇಕಿತ್ತು. ಅದು ಸುಮ್ಮನಿರದೆ ಕೊನೆಗೆ ಕೇಳಿದ ಅಂಕಿಯನ್ನೇ ಹದಿನೈದು ನಿಮಿಷಕ್ಕೊಮ್ಮೆ ಹೊಸದೆಂಬಂತೆ ಕಳುಹಿಸುತ್ತಿತ್ತು. ಹೆಸರು ಕೂಗದೆ ನಿನ್ನೆಯ ಹಾಜರಿಯನ್ನು ಇಂದಿನ ಮನೆಗೆ ನಕಲು ಮಾಡುವ ಅಧ್ಯಾಪಕನಿದ್ದಾನೆಂದುಕೊಳ್ಳಿ. ಪುಸ್ತಕ ಅಚ್ಚುಕಟ್ಟಾಗಿರುತ್ತದೆ, ಮೊತ್ತವೂ ತಾಳೆಯಾಗುತ್ತದೆ. ಜ್ವರ ಬಂದು ಮೂರು ದಿನದಿಂದ ಬಾರದ ಮಗು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಖಾಲಿ ಬಿಟ್ಟ ಮನೆಯಾದರೆ ಯಾರಾದರೂ ಪ್ರಶ್ನಿಸುತ್ತಿದ್ದರು. ಯಂತ್ರಗಳಿಗೆ ನಾವು ಕ್ರಮವಿಧಿ ಬರೆಯುವಾಗ ಅಂತರವಿಲ್ಲದ ಗೆರೆ ಚೆಂದವೆಂದು ಭಾವಿಸಿ ಇಂಥ ನಕಲನ್ನು ಕಲಿಸಿಬಿಡುತ್ತೇವೆ. ಪ್ರತಿ ಅಂಕಿಯ ಜೊತೆಗೆ ಅದನ್ನು ಕೇಳಿದ ಹೊತ್ತನ್ನೂ ಇಟ್ಟುಕೊಳ್ಳಬೇಕು. ಅರ್ಧ ಗಂಟೆಗಿಂತ ಹಳೆಯದಾದರೆ ಕಳುಹಿಸಲೇಬಾರದು. ಆಗ ಗೆರೆ ತುಂಡಾಗುತ್ತದೆ. ತುಂಡಾದ ಗೆರೆ ನೋಡುವವನನ್ನು ಎಚ್ಚರಿಸುತ್ತದೆ. ಅವನು ಹಾಗೆಯೇ ತಿದ್ದಿದ. ಸಾಂದ್ರತೆ ಇನ್ನೂ ಮೂರು ದಿನ ಇಳಿದು 1.012ರಲ್ಲಿ ನಿಂತಿತು, ಈ ಸಲ ಉಷ್ಣತೆಯ ಗೆರೆ ಮೊದಲಿನಂತೆ ನಡುಗುತ್ತಲೇ ಇತ್ತು.

ಕೆಳಗಿನ ಕೊಂಡಿಗಳಲ್ಲಿ ದೋಷವಿದ್ದಿದ್ದರೆ ಏನು ಕಾಣುತ್ತಿತ್ತು? ಈ ಬಿಲ್ಲೆ 2.4 ಗಿಗಾಹರ್ಟ್ಸಿನ ವೈಫೈಯನ್ನು ಮಾತ್ರ ಬಲ್ಲದು. ಹೊಸ ರೂಟರು 5 ಗಿಗಾಹರ್ಟ್ಸಿನಲ್ಲಿ ಮಾತ್ರ ನಡೆಯುವಂತೆ ಹೊಂದಿಸಿದ್ದರೆ ಸೇರುವುದೇ ಇಲ್ಲ. ಕಳಪೆ ಚಾರ್ಜರ್ ಅಥವಾ ಉದ್ದನೆಯ ತೆಳು ತಂತಿಯಾದರೆ ವೈಫೈ ಮಾತಾಡುವ ಗಳಿಗೆಯಲ್ಲಿ ವೋಲ್ಟೇಜು ಕುಸಿದು ಬಿಲ್ಲೆ ಮತ್ತೆ ಮತ್ತೆ ಮೊದಲಿನಿಂದ ಏಳುತ್ತದೆ. ದಾಖಲೆಯನ್ನು ಮನೆಯದೇ ಕಂಪ್ಯೂಟರಿನಲ್ಲಿ ಇಟ್ಟಿದ್ದರೆ, ಕರೆಂಟು ಹೋಗಿ ಬಂದಾಗ ರೂಟರು ಆ ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟಿರಬಹುದು. ಸೇತುವೆ ಹಳೆಯ ವಿಳಾಸಕ್ಕೇ ಕಾಗದ ಹಾಕುತ್ತಿರುತ್ತದೆ. ಅಂತರ್ಜಾಲದ ಕೆಲವು ದಾಖಲೆಗಳು ಹದಿನೈದು ನಿಮಿಷಕ್ಕಿಂತ ಬೇಗ ಬಂದ ಅಂಕಿಯನ್ನು ಸ್ವೀಕರಿಸದೆ ಬಿಡುತ್ತವೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳಿಗೂ ಅವಧಿಯುಂಟು: 2021ರ ಸೆಪ್ಟೆಂಬರ್ 30ರಂದು ಬಹು ಬಳಕೆಯ ಒಂದು ಮೂಲಪ್ರಮಾಣಪತ್ರದ ಅವಧಿ ಮುಗಿದಾಗ, ಒಂದು ತಂತಿಯೂ ಅಲುಗದೆ, ಎಷ್ಟೋ ಹಳೆಯ ಪುಟ್ಟ ಯಂತ್ರಗಳು ಏಕಕಾಲಕ್ಕೆ ಮೂಕವಾದವು.

ತೇಲುಕೊಳವೆಯನ್ನೂ ಸ್ವತಃ ಮಾಡುವವರು ಜರ್ಮನಿಯಲ್ಲಿ ಹುಟ್ಟಿದ ಐಸ್ಪಿಂಡಲ್ ಎಂಬ ಮಾದರಿಯನ್ನು ಅನುಸರಿಸುತ್ತಾರೆ. ಅದು ಡಂಗುರದವನಲ್ಲ, ಅಂಚೆಯವನು. ಹದಿನೈದು ನಿಮಿಷ ಗಾಢವಾಗಿ ನಿದ್ರಿಸಿ, ಎದ್ದು, ವೈಫೈ ಸೇರಿ, ಕಾಗದವನ್ನು ನೇರವಾಗಿ ತಲುಪಿಸಿ ಮತ್ತೆ ಮಲಗುತ್ತದೆ. ಒಮ್ಮೆ ಕಳುಹಿಸಿ ಮತ್ತೆ ಏಳದಿದ್ದರೆ ಎಬ್ಬಿಸುವ ತಂತಿಯ ಬೆಸುಗೆಯನ್ನು ನೋಡಬೇಕು. ಅದರಲ್ಲಿರುವ ಇಎಸ್‌ಪಿ 8266 ಬಿಲ್ಲೆಯ 16ನೆಯ ಕಾಲಿನಿಂದ ಮರುಆರಂಭದ ಕಾಲಿಗೆ ಹೋಗುವ ಆ ಒಂದು ಎಳೆಯೇ ಅದರ ಗಡಿಯಾರದ ಗಂಟೆ. ಅದರ ಉಷ್ಣತಾ ಸಂವೇದಕದ ಎರಡು ವಿಚಿತ್ರ ಅಂಕಿಗಳನ್ನು ನೆನಪಿಡಬೇಕು. 85 ಡಿಗ್ರಿ ಎಂದರೆ ಬಿಯರ್ ಕುದಿಯುತ್ತಿದೆಯೆಂದಲ್ಲ. ವಿದ್ಯುತ್ ಬಂದಿದೆ, ಅಳತೆ ಇನ್ನೂ ಆಗಿಲ್ಲವೆಂದು. ಋಣ 127 ಎಂದರೆ ಸಂವೇದಕವೇ ಸಿಗುತ್ತಿಲ್ಲವೆಂದು. ತಂತಿ ಕಿತ್ತಿರಬಹುದು, 4.7 ಕಿಲೋಓಮಿನ ರೋಧಕವನ್ನು ಹಾಕಲು ಮರೆತಿರಬಹುದು. ಈ ಎರಡು ಅಂಕಿಗಳನ್ನು ಸರಾಸರಿಗೆ ಸೇರಿಸಿ ಲೆಕ್ಕ ಮಾಡಿದವರ ಗೆರೆಯನ್ನು ದೇವರೇ ಓದಬೇಕು.

ಸರಪಣಿ ಪೂರ್ತಿ ಸರಿಯಿದ್ದೂ ಅಂಕಿ ತಪ್ಪಾಗುವುದುಂಟು. ಹುದುಗುವಾಗ ಏಳುವ ಅಂಟುನೊರೆ ಕೊಳವೆಯ ತಲೆಗೆ ಮೆತ್ತಿಕೊಂಡರೆ ಭಾರದಿಂದ ವಾಲಿಕೆ ಬದಲಾಗುತ್ತದೆ. ಪಾತ್ರೆಯ ಗೋಡೆಗೆ ತಾಗಿ ನಿಂತರೆ ಇನ್ನೂ ಕೆಡುತ್ತದೆ. ಆದುದರಿಂದ ಈ ಸಾಧನ ಇಳಿಕೆಯ ವೇಗವನ್ನು ತೋರಿಸಲು ಉತ್ತಮ, ಕೊನೆಯ ತೀರ್ಪು ನೀಡಲು ಅಲ್ಲ. ಬಾಟಲಿಗೆ ತುಂಬಿಸುವ ಮೊದಲು ಹಳೆಯ ಗಾಜಿನ ತೇಲುಮಾಪಕವನ್ನೇ ಕೈಗೆತ್ತಿಕೊಳ್ಳಬೇಕು. ಒಂದಿಷ್ಟು ಬಿಯರನ್ನು ಎತ್ತರದ ಲೋಟಕ್ಕೆ ತೆಗೆದು, ಗುಳ್ಳೆಗಳು ಹೋಗುವಂತೆ ಕಲಕಿ, ತೇಲುಮಾಪಕವನ್ನು ಬಿಟ್ಟು ಬೆರಳಿನಿಂದ ತಿರುಗಿಸಿ, ನಿಂತ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಬೇಕು. ಎರಡು ಮೂರು ದಿನ ಬಿಟ್ಟು ಮತ್ತೆ ಓದಬೇಕು. ಎರಡೂ ಒಂದೇ ಆಗಿದ್ದು, ನಿರೀಕ್ಷಿಸಿದ ಅಂಕಿಯ ಬಳಿಯೂ ಇದ್ದರೆ ಮಾತ್ರ ಮುಚ್ಚಳ ಬಿಗಿಯಬೇಕು.

ಆ ಗಾಜಿನ ಮಾಪಕವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಅದರ ಮೇಲೆ ಯಾವ ಉಷ್ಣತೆಗೆ ಸರಿಮಾಡಿದ್ದೆಂದು ಬರೆದಿರುತ್ತದೆ. 20 ಡಿಗ್ರಿ ಎಂದಿದ್ದರೆ 20 ಡಿಗ್ರಿಯ ಶುದ್ಧ ನೀರಿನಲ್ಲಿ 1.000 ತೋರಿಸಬೇಕು. ನಮ್ಮ ಕಡೆಯ ಬೇಸಗೆಯ ನೀರಿನಲ್ಲಿ, 30 ಡಿಗ್ರಿಯಲ್ಲಿ, ಅದೇ ಮಾಪಕ 0.997 ಅಥವಾ 0.998 ತೋರಿಸಿದರೆ ಮಾಪಕದ್ದು ತಪ್ಪಲ್ಲ, ನೀರು ಬಿಸಿಯಾಗಿ ಹಿಗ್ಗಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ತೇಲುಮಾಪಕವಿದ್ದರೆ ಮಕ್ಕಳಿಂದ ಇದನ್ನು ಮಾಡಿಸಬಹುದು. ಬಾವಿಯ ನೀರು, ಉಪ್ಪುನೀರು, ಬೆಲ್ಲದ ನೀರು ಮೂರೇ ಸಾಕು.

ಮುಂದಿನ ತಿಂಗಳು ಮಂಜೇಶ್ವರದ ಓದುಗರೊಬ್ಬರ ಪ್ರಶ್ನೆ: ಕಡಲತಡಿಯ ಬಾವಿ ಮಳೆಗಾಲದಲ್ಲಿ ಸಿಹಿಯಾಗಿದ್ದು ಏಪ್ರಿಲಿಗೆ ಉಪ್ಪಾಗುವುದೇಕೆ?